ಜರ್ಮನ್ ಬಂದರೆ ಸಾಲದು, ಸಕ್ಕರೆಯೂ ಗೊತ್ತಿರಬೇಕು

ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿಂದ ಘಟಪ್ರಭೆಯ ದಂಡೆಯವರೆಗೆ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳದ್ದು ಕಬ್ಬಿನ ಸೀಮೆ. ಸಕ್ಕರೆ ಯಂತ್ರಗಳಲ್ಲಿ ಜರ್ಮನಿಯದು ದೊಡ್ಡ ಹೆಸರು. ಬ್ರೌನ್‌ಶ್ವೈಗ್‌ನ ಬಿಎಂಎ ಕಂಪನಿ ಸೆಂಟ್ರಿಫ್ಯೂಗಲ್‌ಗಳಿಗೆ ಹೆಸರಾದದ್ದು. ಅಂಥದೊಂದು ಯಂತ್ರದ ಜರ್ಮನ್ ಕೈಪಿಡಿ ನಿಮ್ಮ ಮೇಜಿಗೆ ಬಂತೆನ್ನಿ. ಅನುವಾದಕ್ಕೆ ಯಾರನ್ನು ಹುಡುಕುತ್ತೀರಿ?

ಜರ್ಮನ್ ಬಲ್ಲವರಿಗೆ ಬರವಿಲ್ಲ. ಪುಣೆ, ಬೆಂಗಳೂರುಗಳ ಮ್ಯಾಕ್ಸ್ ಮುಲ್ಲರ್ ಭವನಗಳಲ್ಲಿ ಕಲಿತವರು ಸಿಗುತ್ತಾರೆ. ಆದರೆ ಅವರ ಕೈಯಲ್ಲಿರುವ ಮೇಲ್ಮಟ್ಟದ ಸಿ1 ಪ್ರಮಾಣಪತ್ರ ಹೇಳುವುದು ಭಾಷೆಯ ಮಾತನ್ನಷ್ಟೇ.

ಹೊಸಬರು ಎಡವುವುದು ಮುಂದಿನ ಹೆಜ್ಜೆಯಲ್ಲಿ. 'ಸಕ್ಕರೆ ಉದ್ಯಮದ ಅನುಭವವಿದೆ' ಎಂದವರನ್ನು ಕಣ್ಣುಮುಚ್ಚಿ ಒಪ್ಪಿಬಿಡುತ್ತಾರೆ. ಆದರೆ ಜರ್ಮನಿಯ ಸಕ್ಕರೆ ಕಬ್ಬಿನದಲ್ಲ, ಬೀಟ್ ಗಡ್ಡೆಯದು. ಆ ಗಡ್ಡೆಯಲ್ಲಿ ಸಕ್ಕರೆಯಿದೆಯೆಂದು ಬರ್ಲಿನ್‌ನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ 1747ರಲ್ಲೇ ತೋರಿಸಿದ್ದ. ಅಲ್ಲಿ ಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಬಿಸಿನೀರಿನಲ್ಲಿ ಸಿಹಿ ಇಳಿಸುತ್ತಾರೆ. ಕಬ್ಬು ಅರೆಯುವ ರೋಲರುಗಳ ಸಾಲೇ ಇರುವುದಿಲ್ಲ. ಅವರು ರಸವನ್ನು ಸುಣ್ಣ, ಇಂಗಾಲದ ಡೈಆಕ್ಸೈಡ್‌ನಿಂದ ತಿಳಿಗೊಳಿಸಿದರೆ ನಮ್ಮಲ್ಲಿ ಹೆಚ್ಚಾಗಿ ಸುಣ್ಣದ ಜೊತೆ ಗಂಧಕದ ಹೊಗೆ. ಪ್ಯಾನ್, ಸೆಂಟ್ರಿಫ್ಯೂಗಲ್‌ಗಳಿಗೆ ಬಂದಮೇಲೆ ಎರಡೂ ದಾರಿ ಬಹುಮಟ್ಟಿಗೆ ಒಂದೇ. ಈ ವ್ಯತ್ಯಾಸವನ್ನು ಎರಡು ಮಾತಿನಲ್ಲಿ ಹೇಳಬಲ್ಲವರನ್ನು ಗುರುತು ಹಾಕಿಕೊಳ್ಳಿ.

ಆಮೇಲೆ ಒಂದು ಪುಟ ಕೊಟ್ಟು ನೋಡಿ, ಅದಕ್ಕೆ ಹಣವನ್ನೂ ಕೊಡಿ. ಮುನ್ನುಡಿಯ ಪುಟ ಬೇಡ, ಯಂತ್ರ ನಿಂತಾಗ ಏನು ಮಾಡಬೇಕೆಂದು ಹೇಳುವ ಪುಟವಿರಲಿ. ನಿಮ್ಮ ಶಿಫ್ಟ್ ಇಂಜಿನಿಯರ್ ಅದನ್ನು ಯಂತ್ರದ ಪಕ್ಕದಲ್ಲೇ ನಿಂತು ಓದಲಿ. ಒಂದೂ ಪ್ರಶ್ನೆ ಕೇಳದೆ ಮರುದಿನವೇ ಪುಟ ತಿರುಗಿಸಿ ಕಳಿಸಿದವರಿಗಿಂತ 'ಈ ವಾಲ್ವ್‌ನ ಫೋಟೊ ಕಳಿಸಿ' ಎಂದವರ ಮೇಲೆ ನನಗೆ ಭರವಸೆ ಹೆಚ್ಚು.

ಹುಡುಕಲು ಬಿಡಿಯು ಎಂಬ ಜರ್ಮನ್ ಅನುವಾದಕರ ಒಕ್ಕೂಟದ ಜಾಲತಾಣವಿದೆ. ಭಾಷೆ, ವಿಷಯ ಎರಡನ್ನೂ ಕೊಟ್ಟು ಹೆಸರು ತೆಗೆಯಬಹುದು. ಜರ್ಮನ್ ಕಂಪನಿಗಳಲ್ಲಿ ದುಡಿದು ನಿವೃತ್ತರಾದ ಇಂಜಿನಿಯರುಗಳನ್ನೂ ವಿಚಾರಿಸಿ. ಜರ್ಮನಿಯವರು ಸಾಮಾನ್ಯವಾಗಿ ಸಾಲಿನ ಲೆಕ್ಕದಲ್ಲಿ ದರ ಹೇಳುತ್ತಾರೆ, ಒಂದು ಸಾಲೆಂದರೆ ಖಾಲಿ ಜಾಗವೂ ಸೇರಿ 55 ಅಕ್ಷರ. ನಮ್ಮವರದು ಪದದ ಲೆಕ್ಕ. ಹೋಲಿಸುವಾಗ ನೆನಪಿರಲಿ.

ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೊರಟವರ ಅಂಕಪಟ್ಟಿಯ ಅನುವಾದದ ದಾರಿಯೇ ಬೇರೆ. ಅದಕ್ಕೆ ಸಾಮಾನ್ಯವಾಗಿ ಪ್ರಮಾಣವಚನ ಪಡೆದ ಅನುವಾದಕರ ಮುದ್ರೆ ಬೇಕು. ಯಾರದು ನಡೆಯುತ್ತದೆಂದು ಅರ್ಜಿ ಹಾಕುವ ಕಚೇರಿಯನ್ನೇ ಮೊದಲು ಕೇಳಿ.

ಕಾರ್ಖಾನೆಯವರು ಮಾತ್ರ ಕಬ್ಬು ನುರಿಸುವ ಹಂಗಾಮು ಮುಗಿದು ಯಂತ್ರ ಬಿಚ್ಚುವ ಬೇಸಿಗೆಯಲ್ಲೇ ಈ ಕೆಲಸ ಹಿಡಿಯಿರಿ. ಹಂಗಾಮು ಶುರುವಾದಮೇಲೆ ಪರೀಕ್ಷೆಯ ಪುಟ ಓದಲು ನಿಮ್ಮ ಇಂಜಿನಿಯರ್ ಕೈಗೆ ಸಿಗುವುದಿಲ್ಲ.