ಗರ್ಭಿಣಿ ಮತ್ತು ಬಾಣಂತಿಯರ ತುರ್ತು ಆರೈಕೆ: ಆಸ್ಪತ್ರೆ ತಲುಪುವ ಮುನ್ನ ಪಂಚಾಯತಿಯ ಹೊಣೆ

ಅಧ್ಯಯನ ಪಾಠ – ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ



ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಆದರೆ 2018-20ರ ಅವಧಿಯಲ್ಲಿ ರಾಜ್ಯದ ತಾಯಂದಿರ ಮರಣ ಪ್ರಮಾಣವು ಒಂದು ಲಕ್ಷ ಜೀವಂತ ಜನನಗಳಿಗೆ 69 ಇತ್ತು. ಅದೇ ಅವಧಿಯಲ್ಲಿ ನೆರೆಯ ಆಂಧ್ರಪ್ರದೇಶದಲ್ಲಿ 45, ತಮಿಳುನಾಡಿನಲ್ಲಿ 54, ಕೇರಳದಲ್ಲಿ 19 ಇತ್ತು. 2019-21ರಲ್ಲಿ ನಮ್ಮ ಪ್ರಮಾಣ 63ಕ್ಕೆ ಇಳಿದಿದೆ. ಇಳಿಕೆ ಸಮಾಧಾನದ ವಿಷಯವಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ ಆಗುತ್ತಿರುವಾಗ ತಾಯಂದಿರು ಸಾಯುತ್ತಿರುವುದೇಕೆ?

ಇದಕ್ಕೆ ಒಂದು ಮುಖ್ಯ ಉತ್ತರ ಕಾಲದಲ್ಲಿದೆ. ವಿಶೇಷ ತುರ್ತು ಘಟಕವು ಎಷ್ಟೇ ಸುಸಜ್ಜಿತವಾಗಿದ್ದರೂ ಸಮಯಕ್ಕೆ ಬಂದು ತಲುಪಿದ ತಾಯಿಯನ್ನು ಮಾತ್ರ ಉಳಿಸಬಲ್ಲದು. ಘಟಕವನ್ನು ನಡೆಸುವುದು ಆರೋಗ್ಯ ಇಲಾಖೆಯ ಕೆಲಸ. ಆಕೆಯನ್ನು ಅಲ್ಲಿಗೆ ವೇಳೆಗೆ ತಲುಪಿಸುವ ವ್ಯವಸ್ಥೆಯಲ್ಲಿ ಮತ್ತು ಮನೆಗೆ ಮರಳಿದ ನಂತರದ 42 ದಿನಗಳ ಕಾವಲಿನಲ್ಲಿ ಪಂಚಾಯತಿಗೆ ದೊಡ್ಡ ಪಾಲಿದೆ. ಈ ಪಾಠವು ಆ ಪಾಲನ್ನು ಕುರಿತದ್ದು.

1. ಪ್ರಾಣಕ್ಕೆ ಎರವಾಗುವ ಸ್ಥಿತಿಗಳು

ರಕ್ತಸ್ರಾವ: ಸಹಜ ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯದ ಸೂಚನೆ. ತೀವ್ರ ಸ್ರಾವವಾದರೆ ಸುಮಾರು ಎರಡು ಗಂಟೆಗಳೊಳಗೆ ಪ್ರಾಣ ಹೋಗಬಹುದು. ರಕ್ತಹೀನತೆಯುಳ್ಳ ತಾಯಿಗೆ ಅಷ್ಟು ಕಾಲವೂ ಸಿಗುವುದಿಲ್ಲ. ರಾಜ್ಯದ ಗರ್ಭಿಣಿಯರಲ್ಲಿ ಶೇ. 45ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದನ್ನು ಇಲ್ಲಿ ನೆನಪಿಡಬೇಕು. ಹಳ್ಳಿಯ ಮಟ್ಟದಲ್ಲಿಯೇ ಸ್ರಾವವನ್ನು ತಗ್ಗಿಸಲು ಸಾಧ್ಯವೆಂಬುದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಸಾಬೀತಾಗಿದೆ. ಅಲ್ಲಿ 1,620 ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೋಗ್ಯ ಸಹಾಯಕಿಯರು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನೀಡಿದಾಗ ರಕ್ತಸ್ರಾವದ ಪ್ರಮಾಣವು ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು.

ರಕ್ತದೊತ್ತಡ ಮತ್ತು ಮೂರ್ಛೆ: ಐದು ತಿಂಗಳು ತುಂಬಿದ ನಂತರ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರ ನಿಗಾ ಅಗತ್ಯ. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು ಮುನ್ಸೂಚನೆಗಳು. ಮುಂದೆ ಮೂರ್ಛೆ ಬರುತ್ತದೆ; ಇದು ಹೆರಿಗೆಯ ನಂತರವೂ ಬರಬಹುದು. ‘ಗಾಳಿ ಸೋಕಿದೆ’, ‘ಬಾಣಂತಿ ಸನ್ನಿ’ ಎಂದು ಯಂತ್ರ ಕಟ್ಟಿಸಲು ಹೊರಡುವ ಮನೆಗಳು ಇನ್ನೂ ಇವೆ. ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಚುಚ್ಚುಮದ್ದು ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮೊದಲ ಡೋಸ್ ನೀಡಿ ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಸರಿಯಾದ ಕ್ರಮ.

ನಂಜು: ಹೆರಿಗೆಯಾದ ಕೆಲವು ದಿನಗಳಲ್ಲಿ ಜ್ವರ, ಚಳಿ, ದುರ್ವಾಸನೆಯ ಸ್ರಾವ, ಹೊಟ್ಟೆನೋವು ಕಂಡರೆ ಅದು ಗರ್ಭಕೋಶದ ಸೋಂಕಾಗಿರಬಹುದು. ಮನೆಯ ಕಷಾಯ ನಂಬಿ ಕಾಯುವ ಕಾಲವಲ್ಲ.

ತಡೆಯಾದ ಹೆರಿಗೆ: ಹನ್ನೆರಡು ಗಂಟೆ ಮೀರಿದ ನೋವು, ಮಗು ಅಡ್ಡವಾಗಿರುವುದು, ನೀರು ಹೋಗಿಯೂ ನೋವು ಬಾರದಿರುವುದು. ಇವುಗಳಿಗೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯೇ ಬೇಕು.

2. ವಿಶೇಷ ತುರ್ತು ಘಟಕ ಎಂದರೇನು?

ಗರ್ಭಿಣಿ ಮತ್ತು ಬಾಣಂತಿಯರಿಗೆ ಮೀಸಲಾದ ತೀವ್ರ ನಿಗಾ ಘಟಕಗಳ ಬಗ್ಗೆ ಭಾರತ ಸರ್ಕಾರವು 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇವು ಎರಡು ಹಂತದವು. ಮೊದಲನೆಯದು ಹೆಚ್ಚಿನ ನಿಗಾ ಘಟಕ. ಸಾಮಾನ್ಯ ವಾರ್ಡಿನಲ್ಲಿ ಇರಿಸಲಾಗದ, ಆದರೆ ಉಸಿರಾಟದ ಯಂತ್ರ ಬೇಕಿಲ್ಲದ ತಾಯಿಯನ್ನು ಇಲ್ಲಿ ನೋಡಿಕೊಳ್ಳಲಾಗುತ್ತದೆ. ನಾಡಿ, ರಕ್ತದೊತ್ತಡ, ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ಮೂತ್ರದ ಪ್ರಮಾಣ ಇವುಗಳನ್ನು ಮತ್ತೆ ಮತ್ತೆ ಅಳೆದು ದಾಖಲಿಸುವುದೇ ಇಲ್ಲಿನ ಚಿಕಿತ್ಸೆಯ ಜೀವಾಳ. ಗಂಟೆಗೆ 30 ಮಿಲಿ ಲೀಟರಿಗಿಂತ ಕಡಿಮೆ ಮೂತ್ರ ಬಂದರೆ ಅಪಾಯ. ಬರಿಗಣ್ಣಿಗೆ ಇದು ಕಾಣದು. ಎರಡನೆಯದು ಉಸಿರಾಟದ ಯಂತ್ರವುಳ್ಳ ತೀವ್ರ ನಿಗಾ ಘಟಕ. ಒಂದಕ್ಕಿಂತ ಹೆಚ್ಚು ಅಂಗಗಳು ಸೋಲತೊಡಗಿದ ತಾಯಿಯನ್ನು ಇಲ್ಲಿಗೆ ಒಯ್ಯುತ್ತಾರೆ.

ಇವುಗಳಿಗೂ ಮೊದಲು ಬರುವುದು ಮೊದಲ ರೆಫರಲ್ ಘಟಕ. ದಿನದ 24 ಗಂಟೆಯೂ ಸಿಸೇರಿಯನ್, ರಕ್ತ ಸಂಗ್ರಹಣೆ ಮತ್ತು ನವಜಾತ ಶಿಶುವಿನ ಆರೈಕೆ ಈ ಮೂರೂ ಇದ್ದರೆ ಮಾತ್ರ ಆಸ್ಪತ್ರೆಯೊಂದು ಆ ಹೆಸರಿಗೆ ಅರ್ಹ. ಅರಿವಳಿಕೆ ತಜ್ಞರು ರಜೆಯಲ್ಲಿದ್ದ ರಾತ್ರಿ ಅಥವಾ ರಕ್ತ ಮುಗಿದ ದಿನ ಅದೇ ಕಟ್ಟಡವು ಆ ತಾಯಿಯ ಪಾಲಿಗೆ ಕೇವಲ ಕಟ್ಟಡ.

3. ಎರಡು ಗಂಟೆಗಳ ಲೆಕ್ಕ

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಟ್ಟಿ. ರಾತ್ರಿ ಹತ್ತಕ್ಕೆ ಮನೆಯಲ್ಲಿಯೇ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ. ‘ಕಸ ಬಿದ್ದರೆ ತಾನಾಗಿ ನಿಲ್ಲುತ್ತದೆ’ ಎಂದು ಹಿರಿಯರು 40 ನಿಮಿಷ ಕಾಯುತ್ತಾರೆ. ಯಜಮಾನ ಊರಿನಲ್ಲಿಲ್ಲ, ಯಾರು ಹೇಳಬೇಕೆಂಬ ಗೊಂದಲ. 108ಕ್ಕೆ ಕರೆ ಹೋಗಿ ವಾಹನವು ಹಟ್ಟಿಯ ಕಚ್ಚಾ ದಾರಿ ಹುಡುಕಿ ಬರುವ ವೇಳೆಗೆ ಇನ್ನೂ 40 ನಿಮಿಷ. ತಾಲ್ಲೂಕು ಆಸ್ಪತ್ರೆ ತಲುಪಲು ಅರ್ಧ ಗಂಟೆ. ಹನ್ನೆರಡಕ್ಕೆ ಹತ್ತು ನಿಮಿಷವಿದೆ. ಅಲ್ಲಿ ರಕ್ತವಿಲ್ಲವೆಂದಾದರೆ ಮುಂದಿನ ದಾರಿ ಚಿತ್ರದುರ್ಗಕ್ಕೆ ಸುಮಾರು 80 ಕಿ.ಮೀ. ಬಳ್ಳಾರಿ ಅದಕ್ಕಿಂತ ಹತ್ತಿರವಾದರೂ ಅದೂ ಒಂದು ಗಂಟೆಯ ದಾರಿಯೇ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 30 ಕಿ.ಮೀ. ಮಾತ್ರ, ಆದರೆ ಪರಶುರಾಂಪುರದ ಕಡೆಯ ಗಡಿ ಗ್ರಾಮಗಳವರು ಮೊದಲು ಚಳ್ಳಕೆರೆಗೆ ಬರಬೇಕು.

ಈ ಲೆಕ್ಕದಲ್ಲಿ ಮೂರು ವಿಳಂಬಗಳಿವೆ: ಮನೆಯಲ್ಲಿ ತೀರ್ಮಾನಿಸುವುದರಲ್ಲಿ, ದಾರಿಯಲ್ಲಿ, ಆಸ್ಪತ್ರೆಯೊಳಗೆ. ಮೊದಲೆರಡು ಗ್ರಾಮದಲ್ಲಿಯೇ ಸಂಭವಿಸುತ್ತವೆ. ಅಲ್ಲಿ ಉಳಿಸಿದ 50 ನಿಮಿಷಗಳು ಮೂರನೆಯದನ್ನು ಎದುರಿಸಲು ವೈದ್ಯರಿಗೆ ದೊರೆಯುತ್ತವೆ.

4. ಹೆರಿಗೆಯ ನಂತರದ 42 ದಿನಗಳು

ತಾಯಂದಿರ ಮರಣಗಳಲ್ಲಿ ಹೆಚ್ಚಿನವು ಸಂಭವಿಸುವುದು ಹೆರಿಗೆಯ ನಂತರ. ಅವುಗಳಲ್ಲಿಯೂ ಮೊದಲ 24 ಗಂಟೆ ಅತ್ಯಂತ ಅಪಾಯಕರ. ಆದುದರಿಂದಲೇ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯನ್ನು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಹೋಗಿ ನೋಡಬೇಕೆಂಬ ನಿಯಮವಿದೆ.

ನಮ್ಮ ತಾಲ್ಲೂಕುಗಳ ವಿಶೇಷ ಸಮಸ್ಯೆ ಇಲ್ಲಿದೆ. ಬಾಣಂತಿಯನ್ನು ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ವಾಡಿಕೆಯನ್ನು ಕಾಡುಗೊಲ್ಲರ ಅನೇಕ ಹಟ್ಟಿಗಳು ಕೈಬಿಟ್ಟಿವೆ. ಕೆಲವು ಹಟ್ಟಿಗಳಲ್ಲಿ ಅದು ಉಳಿದಿದೆ. ರಾತ್ರಿ ಸ್ರಾವವಾದರೆ, ಮೂರ್ಛೆ ಬಂದರೆ ಕಾಣುವವರು ಯಾರು? 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ಅಸುನೀಗಿತು. ಋತುಮತಿಯರನ್ನು ಮತ್ತು ಗರ್ಭಿಣಿಯರನ್ನು ಬಲವಂತವಾಗಿ ಪ್ರತ್ಯೇಕಿಸುವುದು 2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕ ಅಮಾನವೀಯ ಅನಿಷ್ಟ ಪದ್ಧತಿಗಳ ಪ್ರತಿಬಂಧ ಅಧಿನಿಯಮ, 2017ರ ಅಡಿಯಲ್ಲಿ ಅಪರಾಧ.

ಕಾನೂನನ್ನು ತಿಳಿಸುವುದು ಅವಶ್ಯ. ಆದರೆ ಅದನ್ನೇ ಮೊದಲ ಮಾತಾಗಿ ಆಡಿದರೆ ಗುಡಿಸಲು ಇನ್ನಷ್ಟು ದೂರಕ್ಕೆ ಸರಿಯುವ ಸಂಭವವಿದೆ. ಎತ್ತಪ್ಪ, ಜುಂಜಪ್ಪರ ಕಾವ್ಯಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಸಮುದಾಯವಿದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಯಂಥ ಹಾಡುಗಾರ್ತಿಯನ್ನು ನಾಡಿಗೆ ಕೊಟ್ಟ ಹಟ್ಟಿಗಳಲ್ಲಿ ಹಿರಿಯ ಹೆಣ್ಣುಮಕ್ಕಳ ಮಾತಿಗೆ ತೂಕವಿದೆ. ಹಟ್ಟಿಯ ಯಜಮಾನರು, ಪೂಜಾರಿಗಳು ಮತ್ತು ಅಜ್ಜಿಯಂದಿರೊಡನೆ ಸದಸ್ಯರು ಮೊದಲೇ ಕುಳಿತು ಮಾತನಾಡಬೇಕು. ಸರ್ಕಾರ ಕಟ್ಟಿಸಿದ ಮಹಿಳಾ ಭವನಗಳಿರುವಲ್ಲಿ ಅವು ಗುಡಿಸಲಿಗಿಂತ ಸುರಕ್ಷಿತವೆಂಬುದು ನಿಜ. ಆದರೆ ಹೊರಗಿರಿಸುವುದಕ್ಕೆ ಪಕ್ಕಾ ಕಟ್ಟಡ ಒದಗಿಸಿದಂತೆ ಆಗಬಾರದು. ಬಾಣಂತಿ ತನ್ನ ಮನೆಯೊಳಗೆ ಮಲಗುವುದೇ ಗುರಿ. ಅಲ್ಲಿಯವರೆಗೆ ಆಕೆ ಎಲ್ಲಿದ್ದರೂ ಜೊತೆಗೊಬ್ಬ ಹೆಂಗಸು, ದೀಪ, ನೀರು, ಶೌಚಾಲಯ ಮತ್ತು ದೂರವಾಣಿ ಇರಲೇಬೇಕು.

5. ಪಂಚಾಯತಿಯು ಮಾಡಬೇಕಾದ ಕಾರ್ಯಗಳು

(ಅ) ಹೆರಿಗೆ ಪಟ್ಟಿ: ಮುಂದಿನ ಎರಡು ತಿಂಗಳಲ್ಲಿ ದಿನ ತುಂಬುವ ಗರ್ಭಿಣಿಯರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿಡಲಿ. ತವರಿಗೆ ಬಂದ ಮಗಳು, ಗುಳೆ ಹೋಗಿ ಮರಳಿದವಳು, ಆಂಧ್ರದ ಗಡಿಯಾಚೆಯಿಂದ ಬಂದವಳು, ಕುರಿಯೊಡನೆ ಅಲೆಯುವ ಕುಟುಂಬದವಳು ಸಾಮಾನ್ಯವಾಗಿ ಪಟ್ಟಿಯಿಂದ ತಪ್ಪುವವರು. ಅವರನ್ನು ಮೊದಲು ಹುಡುಕಬೇಕು. ಪಟ್ಟಿಯನ್ನು ಗೋಡೆಗೆ ಅಂಟಿಸತಕ್ಕದ್ದಲ್ಲ. ಅದು ಗೌಪ್ಯ ಮಾಹಿತಿ.

(ಆ) ಮುಂಗಡ ತೀರ್ಮಾನ: ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ರಕ್ತ ಕೊಡುವವರು ಯಾರು, ಯಜಮಾನ ಇಲ್ಲದಾಗ ಹೊರಡಿಸುವವರು ಯಾರು ಎಂಬ ಐದು ಪ್ರಶ್ನೆಗಳಿಗೆ ಎಂಟನೆಯ ತಿಂಗಳಿನಲ್ಲಿಯೇ ಮನೆಯವರು ಉತ್ತರ ನಿಶ್ಚಯಿಸುವಂತೆ ನೋಡಿಕೊಳ್ಳುವುದು.

(ಇ) ದಾರಿ ಮತ್ತು ವಾಹನ: 108 ವಾಹನ ಹೋಗಲಾಗದ ಹಟ್ಟಿಗಳ ರಸ್ತೆಯನ್ನು ಕ್ರಿಯಾ ಯೋಜನೆಯ ಆದ್ಯತೆಯಲ್ಲಿ ಸೇರಿಸುವುದು. ವಾಹನ ತಡವಾಗುವ ಸಂದರ್ಭಕ್ಕೆ ರಾತ್ರಿ ಬರಲೊಪ್ಪುವ ಇಬ್ಬರು ವಾಹನ ಮಾಲೀಕರ ಸಂಖ್ಯೆ ಪ್ರತಿ ವಾರ್ಡಿನಲ್ಲಿ ಇರಬೇಕು. ಹೊರಟ ಕೂಡಲೇ ಆಸ್ಪತ್ರೆಗೆ ಕರೆ ಮಾಡಿ ತಿಳಿಸುವುದರಿಂದ ಶಸ್ತ್ರಚಿಕಿತ್ಸೆಯ ಸಿದ್ಧತೆ ಮೊದಲೇ ಆರಂಭವಾಗುತ್ತದೆ.

(ಈ) ಹಕ್ಕಿನ ಅರಿವು: 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಮತ್ತೊಂದು ಆಸ್ಪತ್ರೆಗೆ ಕಳುಹಿಸುವ ವಾಹನ ಮತ್ತು ಮನೆಗೆ ಮರಳುವ ವಾಹನ ಎಲ್ಲವೂ ಉಚಿತ. ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಕಾರ್ಡ್ ಇಲ್ಲದೆ ಹಿಂದಿರುಗಿದ ಗರ್ಭಿಣಿ ಮತ್ತು ಆಕೆಯ ಅವಳಿ ಶಿಶುಗಳು ಮನೆಯಲ್ಲಿಯೇ ಮೃತಪಟ್ಟ ಪ್ರಕರಣವನ್ನು ಮರೆಯಲಾಗದು.

(ಉ) ಸಾವಿನ ವರದಿ: ಗರ್ಭಿಣಿಯಾಗಿರುವಾಗ ಅಥವಾ ಹೆರಿಗೆ, ಗರ್ಭಪಾತವಾದ 42 ದಿನಗಳೊಳಗೆ ಯಾವುದೇ ಮಹಿಳೆ ಮೃತಪಟ್ಟರೆ 24 ಗಂಟೆಯೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮರಣ ಪರಿಶೀಲನೆಯ ಉದ್ದೇಶ ಶಿಕ್ಷೆಯಲ್ಲ. ಎಲ್ಲಿ ಎಷ್ಟು ನಿಮಿಷ ಕಳೆಯಿತೆಂಬುದನ್ನು ತಿಳಿದು, ಮುಂದಿನ ತಾಯಿಗೆ ಹಾಗಾಗದಂತೆ ನೋಡುವುದೇ ಉದ್ದೇಶ. ಮನೆಯವರು ಹೆದರಿ ಮುಚ್ಚಿಡದಂತೆ ಧೈರ್ಯ ಹೇಳುವುದು ಸದಸ್ಯರ ಕೆಲಸ.

6. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1) ನಮ್ಮ ಪಂಚಾಯತಿಯ ಅತ್ಯಂತ ದೂರದ ಹಟ್ಟಿಯಿಂದ ಸಿಸೇರಿಯನ್ ಸೌಲಭ್ಯವಿರುವ ಆಸ್ಪತ್ರೆಗೆ ಮಧ್ಯರಾತ್ರಿ ಎಷ್ಟು ನಿಮಿಷ ಬೇಕು? ಸದಸ್ಯರಲ್ಲಿ ಯಾರಾದರೂ ಆ ದಾರಿಯಲ್ಲಿ ರಾತ್ರಿ ಹೋಗಿ ನೋಡಿದ್ದಾರೆಯೇ?
2) ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು ಮತ್ತು ರಕ್ತ ಈ ವಾರ ಲಭ್ಯವಿವೆಯೇ? ಇಲ್ಲದ ದಿನ ನಮಗೆ ತಿಳಿಸುವವರು ಯಾರು?
3) ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ನಮ್ಮ ಗಂಡಾಂತರ ಗರ್ಭಿಣಿಯರೆಲ್ಲರೂ ಹೋಗುತ್ತಿದ್ದಾರೆಯೇ?
4) ಇಂದು ರಾತ್ರಿ ನಮ್ಮ ವ್ಯಾಪ್ತಿಯಲ್ಲಿ ಯಾವ ಬಾಣಂತಿಯಾದರೂ ಮನೆಯ ಹೊರಗೆ ಮಲಗುತ್ತಿದ್ದಾಳೆಯೇ?

ಈ ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸುವುದು. ನಾಲ್ಕನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದಲ್ಲಿ ಸಭೆ ಮುಗಿಯುವವರೆಗೆ ಕಾಯದೆ ಆ ವಾರ್ಡಿನ ಸದಸ್ಯರು ಆಶಾ ಕಾರ್ಯಕರ್ತೆಯೊಡನೆ ಅಲ್ಲಿಗೆ ತೆರಳುವುದು.