ರೇಡಿಯೇಟರ್ ನೀರು ಎಲ್ಲಿಗೆ ಹೋಗುತ್ತದೆ? – ಟ್ರಾಕ್ಟರಿನ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮತ್ತು ಬದಲಾವಣೆ



ಒಕ್ಕಣೆಯ ಕಾಲದಲ್ಲಿ ಟ್ರಾಕ್ಟರು ದಿನವಿಡೀ ದುಡಿಯುತ್ತದೆ. ಬೆಳಿಗ್ಗೆ ತುಂಬಿದ ರೇಡಿಯೇಟರ್ ನೀರು ಸಂಜೆಗೆ ಇಳಿದಿದ್ದರೆ ಮತ್ತೊಂದಿಷ್ಟು ನೀರು ಸುರಿದು ಕೆಲಸ ಮುಂದುವರಿಸುವುದು ಅನೇಕರ ವಾಡಿಕೆ. ಈ ವಾಡಿಕೆ ಇಂಜಿನ್ನಿಗೆ ಅಪಾಯಕಾರಿ. ನೀರು ಪದೇ ಪದೇ ಕಡಿಮೆಯಾಗುತ್ತಿದ್ದರೆ ಅದು ಹೊರಕ್ಕೆ ಸೋರುತ್ತಿರಬೇಕು, ಇಲ್ಲವೇ ಇಂಜಿನ್ನಿನ ಒಳಕ್ಕೆ ಹೋಗುತ್ತಿರಬೇಕು. ಯಾವುದೆಂದು ಖಚಿತವಾಗದೆ ಹೆಡ್ ಬಿಚ್ಚಿಸಬಾರದು.

ಹೊರಗಿನ ಸೋರಿಕೆ

ಇಂಜಿನ್ ಪೂರ್ಣ ತಣ್ಣಗಾದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿನೀರು ಚಿಮ್ಮಿ ಮುಖ, ಕೈ ಸುಡುತ್ತದೆ. ರಬ್ಬರ್ ಕೊಳವೆಗಳು, ಅವುಗಳ ಕ್ಲಿಪ್ಪುಗಳು, ಡ್ರೈನ್ ಕಾಕ್ ಹಾಗೂ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರವನ್ನು ಪರೀಕ್ಷಿಸಿ. ಆ ರಂಧ್ರದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲು ಸವೆದಿದೆ.

ಮುಚ್ಚಳವನ್ನೂ ಮರೆಯಬೇಡಿ. ಸುಮಾರು 850 ಮೀಟರ್ ಎತ್ತರದಲ್ಲಿರುವ ಕೋಲಾರದಂಥ ಊರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಚದರ ಸೆಂ.ಮೀ.ಗೆ ಅರ್ಧ ಕಿಲೋಗ್ರಾಂ ಒತ್ತಡ ಹಿಡಿದಿಟ್ಟರೂ ಕುದಿಯುವ ಬಿಂದು 10 ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ಸ್ಪ್ರಿಂಗು ಸಡಿಲವಾದರೆ ಅಥವಾ ರಬ್ಬರ್ ವಾಷರ್ ಬಿರುಕು ಬಿಟ್ಟರೆ ನೀರು ಆವಿಯಾಗಿ ಹೋಗುತ್ತದೆ, ನೆಲದ ಮೇಲೆ ಗುರುತೇ ಉಳಿಯುವುದಿಲ್ಲ. ಆದ್ದರಿಂದ ಮೊದಲು ಮುಚ್ಚಳ ಬದಲಿಸಿ ನೋಡಿ, ಖರ್ಚು ಅಲ್ಪ.

ಒಳಸೋರಿಕೆಯ ಗುರುತುಗಳು

ಬ್ಲಾಕ್ ಮತ್ತು ಹೆಡ್ಡಿನ ನಡುವಣ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಉರಿಯುವ ಅನಿಲ, ನೀರು ಮತ್ತು ಎಣ್ಣೆ ಒಂದರೊಡನೊಂದು ಸೇರದಂತೆ ಇದು ತಡೆಯುತ್ತದೆ. ಇದು ಸುಟ್ಟಾಗ ಕೆಳಗಿನ ಗುರುತುಗಳಲ್ಲಿ ಒಂದೆರಡು ಕಂಡುಬರುತ್ತವೆ:

1. ತಣ್ಣಗಿರುವ ಇಂಜಿನ್ನಿಗೆ ನೀರು ತುಂಬಿ, ಮುಚ್ಚಳ ಹಾಕದೆ ಚಾಲೂ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುತ್ತವೆ. ಮೊದಲ ಒಂದೆರಡು ನಿಮಿಷದ ಗುಳ್ಳೆ ಒಳಗೆ ಸಿಕ್ಕಿದ್ದ ಗಾಳಿಯದಿರಬಹುದು.
2. ಇಂಜಿನ್ ಕಾದ ಮೇಲೂ ಹೊಗೆಕೊಳವೆಯಿಂದ ಬಿಳಿ ಆವಿ ಬರುತ್ತಿರುತ್ತದೆ. ಚಳಿಗಾಲದ ಮುಂಜಾನೆ ಸ್ವಲ್ಪ ಹೊತ್ತು ಬರುವ ಆವಿ ಸಹಜ.
3. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿರುತ್ತದೆ. ರಾತ್ರಿಯಿಡೀ ನಿಲ್ಲಿಸಿದ ಇಂಜಿನ್ನಿನ ಎಣ್ಣೆ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ತುಸು ಸಡಿಲಿಸಿದರೆ ಮೊದಲು ನೀರು ಬರುತ್ತದೆ, ಏಕೆಂದರೆ ನೀರು ಎಣ್ಣೆಗಿಂತ ಭಾರ.

ಎಣ್ಣೆಯಲ್ಲಿ ನೀರಿದ್ದು ರೇಡಿಯೇಟರಿನಲ್ಲಿ ಗುಳ್ಳೆಯಿಲ್ಲದಿದ್ದರೆ ಗ್ಯಾಸ್ಕೆಟ್ಟನ್ನೇ ದೂರಬೇಡಿ. ನೀರು ಸುತ್ತುವರಿಯುವ ಲೈನರುಗಳಿರುವ ಇಂಜಿನ್ನಿನಲ್ಲಿ ಲೈನರಿನ ಕೆಳಗಿನ ರಬ್ಬರ್ ರಿಂಗು ಹೋಗಿರುವ ಸಂಭವವೂ ಉಂಟು.

ಒಳಸೋರಿಕೆ ಖಚಿತವಾದರೆ ಇಂಜಿನ್ ಓಡಿಸಬಾರದು. ನೀರು ಬೆರೆತ ಎಣ್ಣೆಯಿಂದ ಬೇರಿಂಗು ಸುಡುತ್ತದೆ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸ್ಟಾರ್ಟ್ ಮಾಡಿದರೆ, ನೀರು ಅಮುಕಲು ಬಾರದ ಕಾರಣ ಕನೆಕ್ಟಿಂಗ್ ರಾಡು ಬಾಗುತ್ತದೆ. ನೂರಾರು ರೂಪಾಯಿಯ ಗ್ಯಾಸ್ಕೆಟ್ಟಿನಿಂದ ಸಾವಿರಾರು ರೂಪಾಯಿಯ ನಷ್ಟ ಹೀಗೆಯೇ ಆಗುವುದು.

ಬದಲಾಯಿಸುವ ಕ್ರಮ

ಈ ಕೆಲಸವನ್ನು ನುರಿತ ಮೆಕ್ಯಾನಿಕ್ಕಿನಿಂದ ಮಾಡಿಸಿ. ಆದರೆ ತಾವು ಪಕ್ಕದಲ್ಲಿದ್ದು ಈ ಅಂಶಗಳನ್ನು ಗಮನಿಸಿ.

1. ಇಂಜಿನ್ ತಣ್ಣಗಿರಬೇಕು. ನೀರನ್ನು ಪೂರ್ತಿ ಬಸಿಯಬೇಕು. ಹೆಡ್ ಬೋಲ್ಟುಗಳನ್ನು ತುದಿಗಳಿಂದ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು.
2. ಹೆಡ್ ತೆಗೆದ ಮೇಲೆ ಇಂಜಿನ್ ತಿರುಗಿಸಬಾರದು, ಲೈನರು ಕದಲೀತು.
3. ಹೆಡ್ ಮತ್ತು ಬ್ಲಾಕ್ ಎರಡನ್ನೂ ಶುಚಿಗೊಳಿಸಿ, ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ, ಅಡ್ಡಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು ಫೀಲರ್ ಗೇಜಿನಿಂದ ಅಳೆಯಬೇಕು. ಸಂದು ಕೈಪಿಡಿಯ ಮಿತಿ ಮೀರಿದ್ದರೆ ಹೆಡ್ ಫೇಸಿಂಗ್ ಮಾಡಿಸಲೇಬೇಕು. ಬಿರುಕಿನ ಪರೀಕ್ಷೆಯೂ ಆಗಲಿ. ಇದು ಅತಿ ಮುಖ್ಯ ಹಂತ. ಬಾಗಿದ ಹೆಡ್ಡಿನ ಕೆಳಗೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಸುಡುತ್ತದೆ.
4. ಬೋಲ್ಟಿನ ರಂಧ್ರಗಳಲ್ಲಿ ನೀರು, ಎಣ್ಣೆ ಉಳಿದಿರಬಾರದು. ಉಳಿದರೆ ಬಿಗಿತದ ಅಳತೆ ತಪ್ಪುತ್ತದೆ, ಬ್ಲಾಕ್ ಸೀಳಲೂಬಹುದು.
5. ಹಳೆಯ ಗ್ಯಾಸ್ಕೆಟ್ಟನ್ನು ಪುನಃ ಬಳಸಬೇಡಿ. ಹೊಸದರ ಮೇಲ್ಭಾಗದ ಗುರುತು ನೋಡಿ ಕೂಡಿಸಬೇಕು.
6. ಬೋಲ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಟಾರ್ಕ್ ರೆಂಚಿನಿಂದ, ಕೈಪಿಡಿಯ ಅಳತೆಗೆ ಹಂತಹಂತವಾಗಿ ಬಿಗಿಯಬೇಕು. ಕೈ ಅಂದಾಜು ಸಲ್ಲದು.
7. ಟ್ಯಾಪೆಟ್ ಸಂದು ಸರಿಪಡಿಸಿ, ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು. ಕೆಲವು ಇಂಜಿನ್ನುಗಳಲ್ಲಿ ಸ್ವಲ್ಪ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕಾಗುತ್ತದೆ, ಕೈಪಿಡಿ ನೋಡಿ.

ಪುನಃ ಸುಡದಂತೆ ಎಚ್ಚರಿಕೆ

ಗ್ಯಾಸ್ಕೆಟ್ ಸುಡಲು ಸಾಮಾನ್ಯ ಕಾರಣ ಅತಿಯಾದ ಶಾಖ. ಒಕ್ಕಣೆಯ ದಿನಗಳಲ್ಲಿ ರೇಡಿಯೇಟರ್ ಜಾಲರಿಗೆ ಹಿಡಿದ ಹೊಟ್ಟನ್ನು ಪ್ರತಿದಿನ ತೆಗೆಯಿರಿ. ಫ್ಯಾನ್ ಬೆಲ್ಟ್ ಸಡಿಲವಿರಬಾರದು. ಬೋರ್‌ವೆಲ್ಲಿನ ಗಡಸು ನೀರು ಇಂಜಿನ್ನಿನೊಳಗೆ ಸುಣ್ಣದ ಪದರ ಕಟ್ಟಿ ಶಾಖ ಹೊರಹೋಗದಂತೆ ಮಾಡುತ್ತದೆ. ಶುದ್ಧ ಮೆದು ನೀರಿಗೆ ಕೂಲೆಂಟ್ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ ಬಳಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಲೇಬೇಡಿ, ಹೆಡ್ ಬಿರಿಯುತ್ತದೆ.

ಪ್ರತಿದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೀರು, ಎಣ್ಣೆ ಎರಡರ ಮಟ್ಟವನ್ನೂ ನೋಡುವ ಅಭ್ಯಾಸವಿರಲಿ. ನೀರು ಇಳಿಯುತ್ತಿರುವುದನ್ನು ಮೊದಲ ದಿನವೇ ಕಂಡುಕೊಂಡ ರೈತನಿಗೆ ಹಂಗಾಮಿನ ನಡುವೆ ಟ್ರಾಕ್ಟರು ಕೈಕೊಡುವ ಸಂಭವ ಕಡಿಮೆ.