ಟ್ರ್ಯಾಕ್ಟರಿನ ಕ್ಲಚ್ ಬದಲಾವಣೆ: ಒಮ್ಮೆ ಬಿಚ್ಚಿದಾಗ ನೋಡಬೇಕಾದ ಭಾಗಗಳು

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ನಾಲಾ ಬಯಲಿನಲ್ಲಿ ಟ್ರ್ಯಾಕ್ಟರಿನ ಕ್ಲಚ್ಚಿಗೆ ಎರಡು ಕಠಿಣ ಕೆಲಸಗಳಿವೆ. ಒಂದು, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟೊಡನೆ ಭತ್ತದ ಗದ್ದೆಗಳಲ್ಲಿ ಆರಂಭವಾಗುವ ಕೆಸರು ಉಳುಮೆ. ಇನ್ನೊಂದು, ಕಬ್ಬು ತುಂಬಿದ ಟ್ರೈಲರನ್ನು ಮಂಡ್ಯದ ಮೈಷುಗರ್, ಭಾರತೀನಗರದ ಚಾಂಷುಗರ್ ಮೊದಲಾದ ಕಾರ್ಖಾನೆಗಳಿಗೆ ಅಥವಾ ಆಲೆಮನೆಗೆ ಎಳೆಯುವುದು. ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ಮುಂದೆ ಸರಿಸುವಾಗ ಕ್ಲಚ್ ಸವೆಯುವಷ್ಟು ಒಣ ಹೊಲದ ಉಳುಮೆಯಲ್ಲಿ ಸವೆಯುವುದಿಲ್ಲ.

ಕಡಿದ ಕಬ್ಬನ್ನು 24 ಗಂಟೆಯೊಳಗೆ ನುರಿಸುವುದು ಉತ್ತಮ. ದಾರಿಯಲ್ಲಿ ಕ್ಲಚ್ ಕೈಕೊಟ್ಟರೆ ರಿಪೇರಿಯ ಖರ್ಚಿನ ಜೊತೆಗೆ ಕಬ್ಬಿನ ತೂಕವೂ ಸಕ್ಕರೆಯ ಅಂಶವೂ ಕಡಿಮೆಯಾಗಿ ನಷ್ಟವಾಗುತ್ತದೆ. ಆದುದರಿಂದ ಕ್ಲಚ್ಚಿನ ಸ್ಥಿತಿಯನ್ನು ಹಂಗಾಮಿಗೆ ಮುಂಚೆಯೇ ಪರೀಕ್ಷಿಸತಕ್ಕದ್ದು.

ಕ್ಲಚ್ ಮಾಡುವ ಕೆಲಸ

ಎಂಜಿನ್ನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಸ್ಪ್ರಿಂಗುಗಳ ಒತ್ತಡದಿಂದ ಮೂರೂ ಒಂದಾಗಿ ತಿರುಗಿ, ಶಕ್ತಿಯು ಗೇರ್ ಬಾಕ್ಸಿಗೆ ಹೋಗುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು, ಪ್ರೆಷರ್ ಪ್ಲೇಟಿನ ಫಿಂಗರುಗಳನ್ನು ಒತ್ತಿ, ಕ್ಲಚ್ ಪ್ಲೇಟನ್ನು ಬಿಡಿಸುತ್ತದೆ. ಅರ್ಧ ತುಳಿದು ಹಿಡಿದರೆ ಪ್ಲೇಟು ಉಜ್ಜುತ್ತಾ ಎಂಜಿನ್ನಿನ ಶಕ್ತಿಯ ಒಂದು ಭಾಗ ಶಾಖವಾಗುತ್ತದೆ. ಎರಡು ಪ್ಲೇಟುಗಳ ಕ್ಲಚ್ ಇರುವ ಟ್ರ್ಯಾಕ್ಟರುಗಳಲ್ಲಿ ಒಂದು ಪ್ಲೇಟು ಚಕ್ರಗಳಿಗೆ, ಮತ್ತೊಂದು ಪಿ.ಟಿ.ಓ.ಗೆ ಶಕ್ತಿ ಕೊಡುತ್ತದೆ.

ಸವೆತದ ಚಿಹ್ನೆಗಳು

1. ಭಾರ ಎಳೆಯುವಾಗ ಎಂಜಿನ್ನಿನ ವೇಗ ಏರಿದರೂ ಟ್ರ್ಯಾಕ್ಟರಿನ ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಇದು ಜಾರುವಿಕೆ.

2. ಪೆಡಲ್ ಪೂರ್ತಿ ತುಳಿದರೂ ಗೇರ್ ಹಾಕುವಾಗ ಕರಕರ ಸದ್ದಾಗುತ್ತದೆ. ಇದು ಕ್ಲಚ್ ಪೂರ್ತಿ ಬಿಡದಿರುವುದರ ಗುರುತು.

3. ಪೆಡಲ್ ಬಿಡುವಾಗ ಟ್ರ್ಯಾಕ್ಟರ್ ಅದುರುತ್ತಾ ಹೊರಡುತ್ತದೆ. ಪ್ಲೇಟಿಗೆ ಎಣ್ಣೆ ತಗುಲಿರಬಹುದು, ಇಲ್ಲವೆ ಫಿಂಗರುಗಳ ಎತ್ತರ ಹೆಚ್ಚು ಕಡಿಮೆಯಾಗಿರಬಹುದು.

4. ಪೆಡಲ್ ತುಳಿದಾಗ ಮಾತ್ರ ಸದ್ದು ಬಂದರೆ ಮೊದಲು ರಿಲೀಸ್ ಬೇರಿಂಗನ್ನು ಶಂಕಿಸಬೇಕು.

ಜಾರುವಿಕೆಯನ್ನು ತಿಳಿಯಲು, ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಬ್ರೇಕ್ ಬಿಗಿದು, ಎತ್ತರದ ಗೇರ್ ಹಾಕಿ, ಪೆಡಲನ್ನು ನಿಧಾನವಾಗಿ ಬಿಡಿರಿ. ಎಂಜಿನ್ ನಿಂತುಹೋಗಬೇಕು. ನಿಲ್ಲದೆ ಓಡುತ್ತಿದ್ದರೆ ಕ್ಲಚ್ ಜಾರುತ್ತಿದೆ. ಈ ಪರೀಕ್ಷೆಯನ್ನು ಮೇಲಿಂದ ಮೇಲೆ ಮಾಡಬಾರದು.

ಬಿಚ್ಚುವ ಮೊದಲು ಪೆಡಲಿನ ಸಡಿಲನ್ನು ನೋಡಬೇಕು. ಪೆಡಲನ್ನು ಕೈಯಿಂದ ಒತ್ತಿದಾಗ ಭಾರ ತಗಲುವವರೆಗೆ ಸರಿಯುವ ದೂರವೇ ಸಡಿಲು. ಹಲವು ಟ್ರ್ಯಾಕ್ಟರುಗಳಲ್ಲಿ ಇದು ಸುಮಾರು ಒಂದು ಅಂಗುಲ. ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ. ಸಡಿಲು ಇಲ್ಲದಿದ್ದರೆ ಕ್ಲಚ್ ಜಾರುತ್ತದೆ; ಹೆಚ್ಚಾದರೆ ಪೂರ್ತಿ ಬಿಡುವುದಿಲ್ಲ. ಸಡಿಲು ಸರಿಪಡಿಸಿದ ಮೇಲೂ ದೋಷ ಉಳಿದರೆ ಮಾತ್ರ ಟ್ರ್ಯಾಕ್ಟರನ್ನು ಬಿಚ್ಚಬೇಕು.

ಎರಡು ಭಾಗ ಮಾಡುವಾಗ ಎಚ್ಚರಿಕೆ

ಕ್ಲಚ್ ಹೊರತೆಗೆಯಲು ಟ್ರ್ಯಾಕ್ಟರನ್ನು ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಬೇರ್ಪಡಿಸಬೇಕಾಗುತ್ತದೆ. ಇದನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನುರಿತ ಮೆಕ್ಯಾನಿಕ್‌ನಿಂದಲೇ ಮಾಡಿಸಬೇಕು. ಮೊದಲು ಬ್ಯಾಟರಿಯ ತಂತಿ ತೆಗೆಯಬೇಕು. ಹಿಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಗೇರ್ ಬಾಕ್ಸಿನ ಕೆಳಗೆ ಗಟ್ಟಿ ಆಧಾರ ನಿಲ್ಲಿಸಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ಓಲಾಡುವುದರಿಂದ ಬೇರ್ಪಟ್ಟ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಅದಕ್ಕಾಗಿ ಆಕ್ಸಲಿನ ಎರಡೂ ಕಡೆ ಮರದ ಬೆಣೆ ಹೊಡೆಯಲೇಬೇಕು. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು.

ಒಟ್ಟಿಗೆ ಪರೀಕ್ಷಿಸಬೇಕಾದ ಭಾಗಗಳು

ಬರೀ ಪ್ಲೇಟು ಬದಲಿಸಿ ಉಳಿದುದನ್ನು ಹಾಗೆಯೇ ಬಿಟ್ಟರೆ ಸ್ವಲ್ಪ ಹಣ ಉಳಿಯಬಹುದು. ಆದರೆ ತಿಂಗಳೊಳಗೆ ಒಂದು ಬೇರಿಂಗಿಗಾಗಿ ಇಡೀ ಟ್ರ್ಯಾಕ್ಟರನ್ನು ಮತ್ತೆ ಬಿಚ್ಚಬೇಕಾದೀತು. ಬಿಚ್ಚುವ ಕೂಲಿ ಎರಡೂ ಸಲ ಒಂದೇ.

ಕ್ಲಚ್ ಪ್ಲೇಟ್: ರಿವೆಟ್ಟಿನ ತಲೆಯಿಂದ ಪಟ್ಟಿಯ ಮೇಲ್ಮೈಗೆ 0.3 ಮಿ.ಮೀ.ನಷ್ಟೇ ಉಳಿದಿದ್ದರೆ, ಎಣ್ಣೆ ಹೀರಿದ್ದರೆ ಅಥವಾ ನಡುವಿನ ಹಲ್ಲುಗಳು ಸವೆದಿದ್ದರೆ ಬದಲಿಸಬೇಕು.

ಪ್ರೆಷರ್ ಪ್ಲೇಟ್: ಬಿರುಕು, ನೀಲಿ ಕಲೆ, ಬಾಗು ಇವೆಯೇ ನೋಡಬೇಕು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು; ಒಂದೇ ಕಡೆ ಬಿಚ್ಚಿದರೆ ಕವರು ಸೊಟ್ಟಗಾಗುತ್ತದೆ.

ಫ್ಲೈವೀಲ್: ಗೀರು ಆಳವಾಗಿದ್ದರೆ ಲೇತ್‌ನಲ್ಲಿ ಮಟ್ಟ ಮಾಡಿಸಬೇಕು. ಬಿರುಕಿದ್ದರೆ ಬದಲಿಸಬೇಕು.

ರಿಲೀಸ್ ಬೇರಿಂಗ್ ಮತ್ತು ಪೈಲಟ್ ಬೇರಿಂಗ್: ಕೈಯಲ್ಲಿ ತಿರುಗಿಸಿದಾಗ ಒರಟಾಗಿದ್ದರೆ ಬದಲಿಸಬೇಕು. ಮುಚ್ಚಿದ ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದರೆ ಒಳಗಿನ ಗ್ರೀಸ್ ಹೋಗಿ ಬೇಗ ಕೆಡುತ್ತದೆ.

ಆಯಿಲ್ ಸೀಲುಗಳು: ಫ್ಲೈವೀಲಿನ ಹಿಂದೆ ಕಪ್ಪು ಎಣ್ಣೆ ಕಂಡರೆ ಎಂಜಿನ್ನಿನ ಹಿಂಬದಿ ಸೀಲು ಸೋರಿದೆ. ಗಟ್ಟಿಯಾದ, ಘಾಟು ವಾಸನೆಯ ಎಣ್ಣೆ ಇದ್ದರೆ ಅದು ಗೇರ್ ಬಾಕ್ಸಿನದು. ಸೋರಿಕೆ ನಿಲ್ಲಿಸದೆ ಹೊಸ ಪ್ಲೇಟು ಹಾಕುವುದು ವ್ಯರ್ಥ.

ಪೆಡಲಿನ ಫೋರ್ಕ್ ಮತ್ತು ಬುಷ್: ಇವು ಸವೆದಿದ್ದರೆ ಸಡಿಲು ಎಷ್ಟು ಸರಿಪಡಿಸಿದರೂ ನಿಲ್ಲುವುದಿಲ್ಲ.

ಒಳಗಿನ ಧೂಳನ್ನು ಗಾಳಿಯಿಂದ ಊದಬಾರದು. ಪಟ್ಟಿಯಲ್ಲಿ ಕಲ್ನಾರು ಇದ್ದರೆ ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಿಂದ ಒರೆಸಿರಿ.

ಜೋಡಣೆ

ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆ ಎಂಬ ಗುರುತನ್ನು ನೋಡಿಯೇ ಇಡಬೇಕು. ಹಳೆಯ ಗೇರ್ ಶಾಫ್ಟ್ ಅಥವಾ ಅದೇ ಅಳತೆಗೆ ಕಡೆದ ಮರದ ಗೂಟ ತೂರಿಸಿ ಪ್ಲೇಟನ್ನು ಸರಿಯಾಗಿ ನಡುವೆ ನಿಲ್ಲಿಸಿದ ಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಫಿಂಗರುಗಳೆಲ್ಲ ಒಂದೇ ಎತ್ತರದಲ್ಲಿರಬೇಕು. ಎರಡು ಭಾಗಗಳನ್ನು ಕೂಡಿಸುವಾಗ ಬೋಲ್ಟಿನ ಬಲದಿಂದ ಎಳೆಯಬಾರದು. ಹಾಗೆ ಮಾಡಿದರೆ ಹೊಸ ಪ್ಲೇಟು ಬಾಗುತ್ತದೆ.

ಅನಂತರದ ಜಾಗ್ರತೆ

ಮೊದಲ ಕೆಲವು ದಿನ ಹಗುರ ಕೆಲಸ ಕೊಟ್ಟು, ಸಡಿಲನ್ನು ಮತ್ತೆ ಅಳೆಯಿರಿ. ಓಡಿಸುವಾಗ ಪೆಡಲಿನ ಮೇಲೆ ಕಾಲಿಡಬಾರದು. ಸಾಲಿನಲ್ಲಿ ನಿಂತಾಗ ಗೇರ್ ತೆಗೆದು ಬ್ರೇಕ್ ಹಾಕಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರುಗಳನ್ನು ನಿಷೇಧಿಸಿ, ಸರ್ವಿಸ್ ರಸ್ತೆಗೆ ಕಳುಹಿಸಲಾಯಿತು. ಅಲ್ಲಿ ನಿಂತು ಹೊರಡುವುದು ಹೆಚ್ಚಾದ್ದರಿಂದ ಈ ಅಭ್ಯಾಸ ಇನ್ನಷ್ಟು ಅಗತ್ಯ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರ್ ತೆಗೆದು ಅಥವಾ ಕ್ಲಚ್ ಹಿಡಿದು ತುಂಬಿದ ಟ್ರೈಲರನ್ನು ಬಿಡುವುದು ಪ್ರಾಣಕ್ಕೇ ಅಪಾಯ.

ಗದ್ದೆಗೆ ಇಳಿಯುವ ಮುನ್ನ, ಕ್ಲಚ್ ಹೌಸಿಂಗಿನ ತಳದ ರಂಧ್ರಕ್ಕೆ ಮುಚ್ಚಳವಿದ್ದರೆ ಹಾಕಬೇಕು. ಕೆಸರು ನೀರು ಒಳಗೆ ಹೋಗುವುದಿಲ್ಲ. ಕೆಸರು ಉಳುಮೆ ಮುಗಿದೊಡನೆ ಅದನ್ನು ತೆಗೆಯಲು ಮರೆಯಬಾರದು. ಮರೆತರೆ ಒಳಗೆ ಸೋರಿದ ಎಣ್ಣೆ ಹೊರಬರುವ ದಾರಿ ಕಾಣದೆ ಪ್ಲೇಟನ್ನೇ ಸೇರುತ್ತದೆ.

ವಿಸ್ತರಣಾ ಕಾರ್ಯಕರ್ತರು ಊರಿನಲ್ಲಿ ಯಾರದಾದರೂ ಟ್ರ್ಯಾಕ್ಟರ್ ಬಿಚ್ಚುವ ದಿನ ನೆರೆಯ ಚಾಲಕರನ್ನು ಸೇರಿಸಿ ಈ ಭಾಗಗಳನ್ನು ತೋರಿಸಿದರೆ ಒಂದೇ ಖರ್ಚಿನಲ್ಲಿ ಹತ್ತು ಮಂದಿಗೆ ಪಾಠವಾಗುತ್ತದೆ. ಸವೆದ ಹಳೆಯ ಪ್ಲೇಟನ್ನು ಹೊಸದರ ಪಕ್ಕದಲ್ಲಿಟ್ಟು ತೋರಿಸಿದರೆ, ಪೆಡಲಿನ ಮೇಲೆ ಕಾಲಿಡಬಾರದೇಕೆ ಎಂಬುದು ಚಾಲಕರಿಗೆ ತಾನಾಗಿಯೇ ಮನವರಿಕೆಯಾಗುತ್ತದೆ.